ಹಬ್ಬದ ಚೀಟಿ, ಒಳಗೆ ರಟ್ಟು

ಅಂಚೆಚೀಟಿ ಕಂಡರೆ ನನಗೀಗ ಹೇಸಿಗೆಯಾಗುತ್ತದೆ. ಮೂವತ್ತೈದು ವರ್ಷ ಅದರ ಬೆನ್ನು ಹತ್ತಿದವನ ಬಾಯಲ್ಲಿ ಈ ಮಾತು ಕೇಳಿ ಜೊತೆಯ ಸಂಗ್ರಾಹಕರು ನಗುತ್ತಾರೆ. ನಗಲಿ. ಅದರಲ್ಲೂ ಹಬ್ಬದ ಚೀಟಿ ಎಂದರೆ ಆಗದು. ದೀಪಾವಳಿಯದು, ಹೋಳಿಯದು, ಕ್ರಿಸ್‌ಮಸ್ಸಿನದು, ಹೊಸ ವರ್ಷದ್ದು, ಊರೂರಿನದು, ದೇಶದೇಶದ್ದು, ನನ್ನ ಕಪಾಟಿನ ತುಂಬ ಅವೇ ಇವೆ. ಬಾಗಿಲು ತೆರೆದರೆ ಗೋಂದು, ಬೂಷ್ಟು, ನುಸಿಗುಳಿಗೆ ಮೂರೂ ಸೇರಿದ ವಾಸನೆ ಮುಖಕ್ಕೆ ಹೊಡೆಯುತ್ತದೆ. ಒಂದು ಕಾಲದಲ್ಲಿ ಆ ವಾಸನೆಗೆ ನನಗೆ ಹಸಿವೆಯೇ ಮರೆತುಹೋಗುತ್ತಿತ್ತು. ಈಗ ವಾಕರಿಕೆ ಬರುತ್ತದೆ.

ತಪ್ಪು ಚೀಟಿಗಳದ್ದಲ್ಲ ಎಂದು ನನಗೂ ಗೊತ್ತು. ಭಾವಿಕೇರಿಯಲ್ಲಿರುವ ನನ್ನ ಅಕ್ಕನ ಎಡಗಣ್ಣು ಹೋಗಿದೆ. ಅದು ಹೋಗುವುದರಲ್ಲಿ ನನ್ನ ಪಾಲಿದೆ, ನನ್ನ ಈ ಹವ್ಯಾಸದ ಪಾಲಿದೆ, ನನ್ನ ಈ ಸುಡುಗಾಡು ಮೂಗಿನ ಪಾಲೂ ಇದೆ. ಯಾವುದು ಎಷ್ಟು ಎಂದು ವಿಂಗಡಿಸಲು ಹೊರಟರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಆದರೂ ಬರೆಯಲು ಕೂತಿದ್ದೇನೆ.

ನಾವು ಅಂಕೋಲಾ ಕಡೆಯ ಮೀನುಗಾರರ ಮಕ್ಕಳು. ಅಪ್ಪ ಕಡಲಿಗೆ ಹೋಗುತ್ತಿದ್ದ, ಆಯಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಏಳನೆಯ ಇಯತ್ತೆ ಮುಗಿದ ಮೇಲೆ ಅವಳನ್ನು ಶಾಲೆ ಬಿಡಿಸಿ ಮೀನಿಗೆ ಬರ್ಫ ಮಾಡುವ ಕಾರ್ಖಾನೆಯೊಂದರ ಆಫೀಸು ಗುಡಿಸುವ ಕೆಲಸಕ್ಕೆ ಕಳಿಸಿದರು. ದೀಪಾವಳಿ ಬಂತೆಂದರೆ ಆ ಆಫೀಸಿಗೆ ಮುಂಬೈ, ಗೋವಾ ಕಡೆಯ ವ್ಯಾಪಾರಿಗಳಿಂದ ಶುಭಾಶಯದ ಲಕೋಟೆಗಳು ಬರುತ್ತಿದ್ದವು. ಕಸದ ಬುಟ್ಟಿಗೆ ಬಿದ್ದ ಆ ಲಕೋಟೆಗಳ ಮೂಲೆ ಹರಿದುಕೊಂಡು ಅಕ್ಕ ಸೆರಗಿನಲ್ಲಿ ಕಟ್ಟಿ ತರುತ್ತಿದ್ದಳು. ಮೀನು ತೊಳೆಯುವ ಬೋಗುಣಿಯಲ್ಲೇ ನೀರು ಹಾಕಿ ನೆನೆಸಿ, ಚೀಟಿ ಬಿಟ್ಟುಕೊಂಡ ಮೇಲೆ ಬಾಗಿಲಿನ ಹಲಗೆಗೆ ಹಚ್ಚಿ ಒಣಗಿಸುತ್ತಿದ್ದಳು. ಬಾಕಿ ಚೀಟಿಗಳಲ್ಲಿ ಬರೀ ಗಂಡಸರ ತಲೆಗಳೇ ಇರುತ್ತವೆ ಎಂದು ಅವಳಿಗೆ ಬೇಜಾರು. ದೀಪವಿದ್ದದ್ದು, ರಂಗೋಲಿಯಿದ್ದದ್ದು, ಹೂವಿದ್ದದ್ದು ಮಾತ್ರ ಬೇಕು. ಹಾಗಾಗಿ ನಮ್ಮ ಸಂಗ್ರಹ ಹಬ್ಬದ ಚೀಟಿಗಳದೇ ಆಯಿತು. ನನಗೆ ಈ ಹುಚ್ಚು ಹಿಡಿಸಿದವಳು ಅವಳು.

ಆಮೇಲೆ ನಾನು ಓದಿದೆ. ಅವಳ ಗುಡಿಸುವ ಸಂಬಳದಲ್ಲೇ ಓದಿದೆ ಎಂದರೆ ಸರಿಯಾದೀತು. ಚಿತ್ರಕಲಾ ಮಾಸ್ತರನಾದೆ, ಕಾರವಾರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು, ಹಬ್ಬುವಾಡದಲ್ಲಿ ಮನೆ ಮಾಡಿದೆ. ಅಕ್ಕನನ್ನು ಭಾವಿಕೇರಿಗೆ ಕೊಟ್ಟರು. ಭಾವ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಮಗನೂ ಅದೇ ಬೋಟಿಗೆ ಹೋಗುತ್ತಾನೆ. ಅಕ್ಕ ಮೀನು ಒಣಗಿಸಿ ಮಾರುತ್ತಾಳೆ.

ಊರು ಬಿಟ್ಟ ಮೇಲೆ ನನ್ನ ಮೂಗು ಸೂಕ್ಷ್ಮವಾಯಿತು. ಹೀಗೆ ಹೇಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೇ. ಹುಟ್ಟಿನಿಂದ ಮೀನಿನ ಬುಟ್ಟಿಯ ಪಕ್ಕ ಮಲಗಿದವನಿಗೆ ಸ್ಟಾಫ್ ರೂಮಿನಲ್ಲಿ ಹತ್ತು ವರ್ಷ ಕೂತ ಮೇಲೆ ಒಣಮೀನಿನ ವಾಸನೆ ತಡೆಯದಾಯಿತು. ಮನೆಯಲ್ಲಿ ಹೆಂಡತಿ ಸುಂಗಟ, ಅಂದರೆ ಸಿಗಡಿ, ಹುರಿದರೆ ನಾನು ಕಿಟಕಿ ತೆರೆಯುತ್ತಿದ್ದೆ. ಅವಳು ಒಮ್ಮೆ ನೀವು ಯಾವ ಭಟ್ಟರ ಮನೆಯಲ್ಲಿ ಹುಟ್ಟಿದ್ದು ಎಂದು ಕೇಳಿದ್ದಳು. ನಾನು ನಕ್ಕುಬಿಟ್ಟೆ.

ಶಿರವಾಡದಲ್ಲಿ ಒಬ್ಬರ ಮನೆಯ ಜಗುಲಿಯಲ್ಲಿ ತಿಂಗಳಿಗೊಂದು ಭಾನುವಾರ ನಾವು ಏಳೆಂಟು ಜನ ಸಂಗ್ರಾಹಕರು ಸೇರುವುದುಂಟು. ಎಲ್ಲರೂ ಗಂಡಸರು, ಎಲ್ಲರಿಗೂ ಬೊಕ್ಕತಲೆ, ಇಲ್ಲವೇ ಅದರ ತಯಾರಿ. ಒಬ್ಬರಿಗೆ ಪುಟ ತಿರುಗಿಸುವಾಗ ಬೆರಳನ್ನು ನಾಲಿಗೆಗೆ ಹಚ್ಚಿಕೊಳ್ಳುವ ಚಟ. ಅವರ ಎಂಜಲು ಬಿದ್ದ ಆಲ್ಬಮ್ಮನ್ನು ನಾನು ಕರವಸ್ತ್ರದಲ್ಲಿ ಹಿಡಿದು ನೋಡುತ್ತಿದ್ದೆ. ಇನ್ನೊಬ್ಬರು ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂದು ವಿಚಾರಿಸಿಕೊಂಡೇ ಬರುವವರು, ಯಾಕೆಂದರೆ ಸತ್ತವರ ಆಲ್ಬಮ್ ಸೋವಿಗೆ ಸಿಗುತ್ತದೆ. ಇದನ್ನೆಲ್ಲ ಕಂಡು ನನಗೆ ಅಸಹ್ಯವಾಗುತ್ತಿತ್ತು. ಆದರೂ ಒಂದು ಭಾನುವಾರವನ್ನೂ ನಾನು ತಪ್ಪಿಸಿದವನಲ್ಲ.

ಹೊಸ ವಿನ್ಯಾಸ ಬಂತೆಂದರೆ ಮೊಬೈಲಿನಲ್ಲಿ ನಮ್ಮ ಗುಂಪಿನವರ ಗದ್ದಲ ಶುರು. ಅವುಗಳನ್ನು ನೋಡಿದರೆ ಮಾಸ್ತರನಾದ ನನಗೆ ಮೈ ಉರಿಯುತ್ತಿತ್ತು. ಹಣತೆಗೆ ಮಿನುಗುವ ಪುಡಿ ಮೆತ್ತಿರುತ್ತಾರೆ, ಪಟಾಕಿಗೆ ಬಂಗಾರದ ಗೆರೆ. ಎಲ್ಲ ಮುಖಗಳಲ್ಲೂ ಒಂದೇ ನಗು. ನಾನು ಮಕ್ಕಳಿಗೆ ಕೊಟ್ಟ ಹೋಮ್‌ವರ್ಕಿನಲ್ಲಿ ಇಂಥದ್ದು ಬಂದಿದ್ದರೆ ಕೆಂಪು ಗೆರೆ ಎಳೆದು ಹಿಂದೆ ಕಳಿಸುತ್ತಿದ್ದೆ. ಯಾವುದೋ ದೇಶದ್ದೊಂದನ್ನು ಉಜ್ಜಿ ಮೂಸಿದರೆ ದಾಲ್ಚಿನ್ನಿಯ ಘಮ. ಅದನ್ನು ಏಳು ಮೂಗುಗಳು ಸರದಿಯಲ್ಲಿ ಮೂಸಿದ ಮೇಲೆ ನನ್ನ ಕೈಗೆ ಬಂತು. ಇನ್ನು ಋತುಗಳ ಚೀಟಿ ಬೇರೆ. ಹಿಮ ಹೊತ್ತ ಮರ, ಕೆಂಪಾಗಿ ಉದುರುವ ಎಲೆ, ಉಣ್ಣೆ ಟೊಪ್ಪಿಗೆ ಹಾಕಿದ ಹಕ್ಕಿ. ಕಾರವಾರದಲ್ಲಿ ಇರುವುದು ಎರಡೇ ಋತು, ಒಂದು ಮಳೆ, ಇನ್ನೊಂದು ಬೆವರು. ಬನಿಯನ್ ಒದ್ದೆ ಮಾಡಿಕೊಂಡು ಕೂತ ಮುದುಕರು ಹಿಮದ ಚಿತ್ರಕ್ಕಾಗಿ ಕಚ್ಚಾಡುವುದನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು. ನನಗೆ ಬರುತ್ತಿರಲಿಲ್ಲ, ಯಾಕೆಂದರೆ ಆ ಚಿತ್ರ ನನಗೂ ಬೇಕಾಗಿತ್ತು.

ಈ ಗುಂಪಿನಿಂದ ನಾನು ಕಲಿತದ್ದು ಹಬ್ಬದ ಲಕೋಟೆಯ ನೇಮ. ಬರೀ ಚೀಟಿ ಕೂಡಿಡುವುದಕ್ಕಿಂತ, ಹಬ್ಬದ ಚೀಟಿ ಹಚ್ಚಿದ ಲಕೋಟೆಯನ್ನು ಹಬ್ಬದ ಹಿಂದಿನ ಕೆಲಸದ ದಿನ ಅಂಚೆಗೆ ಹಾಕಿ, ಆ ತಾರೀಖಿನ ಠಸ್ಸೆ ಬೀಳಿಸಿ ತರಿಸಿಕೊಂಡರೆ ಅದರ ಬೆಲೆಯೇ ಬೇರೆ. ಒಳಗೆ ಪತ್ರ ಇಡಬಾರದು, ಇಟ್ಟರೆ ಉಬ್ಬುತ್ತದೆ, ಠಸ್ಸೆ ಕಲಸಿಹೋಗುತ್ತದೆ. ಪತ್ರದ ಬದಲು ಲಕೋಟೆಯ ಅಳತೆಗೆ ಸರಿಯಾಗಿ ಕತ್ತರಿಸಿದ ಬಿಳೀ ರಟ್ಟು ಇಡಬೇಕು. ಅಂಟಿಸಿ ಬಂದದ್ದನ್ನು ಒಡೆಯಬಾರದು. ಒಡೆದದ್ದು ರದ್ದಿ. ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿ ಕಪಾಟಿನಲ್ಲಿಡುವುದು, ಅಷ್ಟೇ.

ಅಕ್ಕನಿಗೂ ಇದನ್ನು ನಾನೇ ಕಲಿಸಿದೆ. ಅವಳಿಗೆ ಮೊದಮೊದಲು ನಂಬಿಕೆ ಬರಲಿಲ್ಲ. ಲಕೋಟೆ ಕಳಿಸುವುದು, ಒಳಗೆ ಏನೂ ಬರೆಯಬಾರದು ಎನ್ನುವುದು ಯಾವ ಸೀಮೆಯ ಪದ್ಧತಿ ಎಂದು ಕೇಳಿದ್ದಳು. ಆದರೂ ನನ್ನ ಖುಷಿಗೆ ಒಪ್ಪಿಕೊಂಡಳು. ಯುಗಾದಿಗೆ, ಚೌತಿಗೆ, ದೀಪಾವಳಿಗೆ ಅವಳದ್ದೊಂದು ನನಗೆ, ನನ್ನದೊಂದು ಅವಳಿಗೆ. ಹಬ್ಬಕ್ಕೆ ಹೊಸ ಚೀಟಿ ಬಾರದಿದ್ದರೆ ಹಳೆಯ ಹಬ್ಬದ್ದನ್ನೇ ಹಚ್ಚುತ್ತಿದ್ದೆವು. ರಟ್ಟುಗಳನ್ನು ನಾನೇ ಕತ್ತರಿಸಿ ಕಟ್ಟು ಮಾಡಿ ಅವಳಿಗೆ ಕೊಟ್ಟಿದ್ದೆ. ಹೀಗೆ ಹನ್ನೆರಡು ವರ್ಷ ನಡೆಯಿತು. ನಮ್ಮಿಬ್ಬರಲ್ಲಿ ಯಾರೂ ಯಾರ ಲಕೋಟೆಯನ್ನೂ ಒಡೆಯಲಿಲ್ಲ.

ಜಗಳವಾದದ್ದು ಎರಡು ವರ್ಷದ ಹಿಂದಿನ ಚೌತಿಯಲ್ಲಿ. ಆ ದಿನ ನಾನು ಭಾವಿಕೇರಿಗೆ ಹೋಗಿದ್ದೆ. ಮನೆ ತುಂಬ ನೆಂಟರಿದ್ದರು. ಮಗನ ಹೆಂಡತಿಗೆ ಎಂಟನೆಯ ತಿಂಗಳು ನಡೆದಿತ್ತು, ಅವಳ ತವರಿನವರೂ ಬಂದಿದ್ದರು. ಊಟವಾದ ಮೇಲೆ ನಾನು ಅಕ್ಕನ ಹಳೆಯ ಆಲ್ಬಮ್ ಕೇಳಿದೆ. ಬರ್ಫದ ಕಾರ್ಖಾನೆಯ ಕಾಲದಿಂದ ಅವಳು ಕೂಡಿಟ್ಟದ್ದು ಅದು. ಥಂಡಿ ತಾಗದಿರಲಿ ಎಂದು ಅವಳು ಅದನ್ನು ಅಡುಗೆಮನೆಯ ಅಟ್ಟದ ಮೇಲೆ, ಒಣ ಸುಂಗಟದ ಡಬ್ಬಿಗಳ ಪಕ್ಕ ಇಟ್ಟಿದ್ದಳು. ತೆರೆದರೆ ಚೀಟಿಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು. ನಡುವೆ ಹುಳ ಹರಿದಾಡುತ್ತಿದ್ದವು. ಎಣ್ಣೆ ಹೊಗೆಯೂ ಮೀನಿನ ನಾತವೂ ಸೇರಿ ಬಂದ ವಾಸನೆಗೆ ನಾನು ಮುಖ ಕಿವುಚಿದೆ.

ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ನಾನು ಬಿಡಲಿಲ್ಲ. ಮೀನು ಸುತ್ತುವ ಕಾಗದಕ್ಕೂ ಇದಕ್ಕೂ ಏನು ಫರಕು ಎಂದೆ. ಇಂಥದನ್ನು ಇಟ್ಟುಕೊಳ್ಳುವ ಯೋಗ್ಯತೆ ಎಲ್ಲರಿಗೂ ಇರುವುದಿಲ್ಲ ಎಂದೆ. ಅಷ್ಟೂ ನೆಂಟರ ಎದುರಿಗೆ ಎದ್ದು ಹೋಗಿ ಬಾವಿಕಟ್ಟೆಯಲ್ಲಿ ಸಾಬೂನು ಹಚ್ಚಿ ಎರಡೆರಡು ಸಲ ಕೈ ತೊಳೆದುಕೊಂಡೆ. ತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು.

“ಇನ್ನು ಬರೂದಾದ್ರೆ ಮೂಗು ಕಾರವಾರದಲ್ಲೇ ಬಿಟ್ಟು ಬಾ, ತಮಾ,” ಎಂದಳು.

ನಾನು ಚಪ್ಪಲಿ ಮೆಟ್ಟಿ ಹೊರಟುಬಂದೆ. ಫೋನು ನಿಂತಿತು. ಅವಳು ಮಾಡಲಿ ಎಂದು ನಾನು, ನಾನು ಮಾಡಲಿ ಎಂದು ಅವಳು. ನಮ್ಮ ವಂಶದಲ್ಲಿ ಹಟಕ್ಕೇನೂ ಕೊರತೆಯಿಲ್ಲ.

ಆದರೆ ಲಕೋಟೆ ನಿಲ್ಲಲಿಲ್ಲ. ದೀಪಾವಳಿಯ ಎರಡನೆಯ ದಿನ ಅವಳದ್ದು ಬಂತು. ಹಣತೆಯ ಚಿತ್ರದ ಚೀಟಿ, ಸರಿಯಾದ ತಾರೀಖಿನ ಠಸ್ಸೆ, ಅವಳದೇ ದುಂಡಕ್ಷರದ ವಿಳಾಸ. ಕೈಗೆ ಸಿಕ್ಕ ಕೂಡಲೇ ನನಗೆ ಗೊತ್ತಾಯಿತು, ಒಳಗೆ ರಟ್ಟಿಲ್ಲ. ಬೆರಳಿಗೆ ಮೆತ್ತಗೆ ಸಿಕ್ಕಿತು, ಮಡಚಿದ ಕಾಗದ. ಒಂದು ಮೂಲೆ ಆಗಲೇ ಬಾಗಿತ್ತು. ಮೂಗಿನ ಹತ್ತಿರ ತಂದರೆ ಒಣಮೀನಿನ ವಾಸನೆ ಇದ್ದಹಾಗಿತ್ತು. ಇತ್ತೋ ಇಲ್ಲವೋ, ನನಗೆ ಬಂತು. ರಟ್ಟು ಮುಗಿದಿರಬೇಕು, ಕೈಗೆ ಸಿಕ್ಕ ಪೇಪರ್ ತುರುಕಿ ಕಳಿಸಿದ್ದಾಳೆ, ಸಿಟ್ಟಿಗೆ ಬೇಕೆಂದೇ ಹೀಗೆ ಮಾಡಿದ್ದಾಳೆ ಎಂದು ನಾನು ಗೊಣಗಿದೆ.

ಹೆಂಡತಿ ಅಲ್ಲೇ ಇದ್ದಳು. “ಒಳಗೆ ಏನೋ ಅದೆ ಕಾಣ್ತದೆ. ಒಮ್ಮೆ ಒಡ್ದು ನೋಡಿ,” ಎಂದಳು.

ಇದೆಲ್ಲ ನಿನಗೆ ಅರ್ಥವಾಗುವುದಿಲ್ಲ ಎಂದೆ ನಾನು. ಬಾಗಿದ ಮೂಲೆ ನೆಟ್ಟಗಾಗಲೆಂದು ಎರಡು ದಿನ ದಪ್ಪ ಪುಸ್ತಕಗಳ ಕೆಳಗೆ ಇಟ್ಟೆ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿದೆ. ವಾಸನೆ ಉಳಿದವಕ್ಕೆ ಹತ್ತದಿರಲಿ ಎಂದು ಎರಡು ಚೀಲ ಹಾಕಿದೆ.

ದೀಪಾವಳಿಯ ಬೆನ್ನಿಗೆ ಬರುವ ಭಾವುಬೀಜದ ದಿನ ಪ್ರತಿ ವರ್ಷ ನಾನು ಅಕ್ಕನ ಮನೆಗೆ ಹೋಗಿ ಆರತಿ ಎತ್ತಿಸಿಕೊಂಡು ಉಂಡು ಬರುವವನು. ಆ ವರ್ಷ ಕರೆ ಬರಲಿಲ್ಲವೆಂದು ಹೋಗಲಿಲ್ಲ. ಹೆಂಡತಿ ಎರಡು ಸಲ ಹೇಳಿನೋಡಿದಳು. ನಾನು ಇಡೀ ದಿನ ಚಿಮಟ, ಭೂತಗನ್ನಡಿ ಹಿಡಿದು ಹಿಮದ ಚೀಟಿಗಳನ್ನು ಜೋಡಿಸುತ್ತ ಕೂತೆ.

ಸಂಕ್ರಾಂತಿಯ ಹೊತ್ತಿಗೆ ಕಾರವಾರದ ಮೀನುಪೇಟೆಯಲ್ಲಿ ನಮ್ಮ ಕಡೆಯ ಹೆಂಗಸೊಬ್ಬಳು ಸಿಕ್ಕಿ ಅಕ್ಕನ ಒಂದು ಕಣ್ಣು ಹೋಯಿತಂತೆ, ಸಕ್ಕರೆ ಕಾಯಿಲೆಯಂತೆ ಎಂದಳು. ಆ ಗಳಿಗೆಯಲ್ಲಿ ಬಸ್ಸು ಹತ್ತಿ ಹೋಗಿದ್ದರೆ ನಾನು ಮನುಷ್ಯ ಅನ್ನಿಸಿಕೊಳ್ಳುತ್ತಿದ್ದೆ. ಮನೆಗೆ ಬರುವಷ್ಟರಲ್ಲಿ ದುಃಖದ ಮೇಲೆ ಸಿಟ್ಟು ಬಂದು ಕೂತಿತ್ತು. ಇಷ್ಟೆಲ್ಲ ಆದರೂ ಒಡಹುಟ್ಟಿದವನಿಗೆ ಒಂದು ಮಾತು ಹೇಳಲಿಲ್ಲ, ಪೇಟೆಯವರ ಬಾಯಿಂದ ನಾನು ಕೇಳಬೇಕಾಯಿತು ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳೇ ಹೋಗಿ ನೋಡಿಕೊಂಡು ಬಂದಳು. ಅಕ್ಕ ಏನು ಹೇಳಿದಳು ಎಂದು ಕೇಳಿದರೆ, ನಿಮ್ಮ ಸುದ್ದಿಯನ್ನೇ ತೆಗೆಯಲಿಲ್ಲ ಎಂದಳು. ಅದೂ ನನ್ನ ಸಿಟ್ಟಿಗೆ ಸೌದೆಯಾಯಿತು.

ಅಕ್ಕನ ಕಡೆಯಿಂದ ಲಕೋಟೆ ಬರುವುದು ನಿಂತುಹೋಯಿತು. ನಾನು ಮಾತ್ರ ನೇಮ ತಪ್ಪಲಿಲ್ಲ. ಯುಗಾದಿಗೆ, ಚೌತಿಗೆ, ದೀಪಾವಳಿಗೆ, ಸಿಕ್ಕ ಹೊಸ ಚೀಟಿಗಳಲ್ಲಿ ಚೆಂದದ್ದನ್ನೇ ಆರಿಸಿ, ರಟ್ಟು ಇಟ್ಟು, ಅಂಟಿಸಿ ಕಳಿಸಿದೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಕೂರುವ ಹೆಂಗಸಿಗೆ ನನ್ನ ಹುಚ್ಚು ಗೊತ್ತು. ಲಕೋಟೆಯ ಕೆಳಗೆ ಮೆತ್ತನೆ ಬಟ್ಟೆ ಹಾಕಿ, ಠಸ್ಸೆಯನ್ನು ದುಂಡಗೆ ಒತ್ತಿಕೊಡುತ್ತಾಳೆ. ಆಕೆ ಒಮ್ಮೆ ನಿಮ್ಮ ಅಕ್ಕ ಅಂದರೆ ನಿಮಗೆ ಬಹಳ ಪ್ರೀತಿ ಅಲ್ಲವೇ ಎಂದಾಗ ನಾನು ಹೌದೆಂದು ತಲೆಯಾಡಿಸಿದ್ದೆ. ಅವಳು ಬಿಟ್ಟರೂ ನಾನು ಬಿಡಲಿಲ್ಲ ಎಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆಯನ್ನು ನೆನೆದರೆ ಈಗ ಬಾಯಿ ಕಹಿಯಾಗುತ್ತದೆ.

ಈ ವರ್ಷದ ಮಳೆ ಗೋಡೆಯನ್ನೂ ಬಿಡಲಿಲ್ಲ. ಹಬ್ಬುವಾಡದ ನಮ್ಮ ಮನೆಯಲ್ಲಿ ಉಪ್ಪು ನೀರಾಯಿತು, ಬೆಲ್ಟಿಗೆ ಹಸಿರು ಬೂಷ್ಟು ಹಿಡಿಯಿತು. ಒಂದು ಮಧ್ಯಾಹ್ನ ಕಪಾಟು ತೆರೆದು ಪ್ರತಿಯೊಂದು ಚೀಲ ತೆಗೆದು ಒರೆಸುತ್ತ ಕೂತಿದ್ದೆ. ಅಕ್ಕನ ಆ ಕೊನೆಯ ಲಕೋಟೆಯ ಎರಡು ಚೀಲದ ನಡುವೆಯೂ ನೀರು ಬೆವೆತಿತ್ತು. ಹೊರಗೆ ತೆಗೆದರೆ ಗೋಂದು ಕರಗಿ ಲಕೋಟೆಯ ಬಾಯಿ ತಾನಾಗಿ ಬಿಚ್ಚಿಕೊಂಡಿದೆ. ನನ್ನ ಬಾಯಿಂದ ಛೇ ಎಂದು ಹೊರಟಿತು. ಹಾಳಾಯಿತು, ಬೇಗ ಅಂಟಿಸಿ ಒತ್ತಿಟ್ಟರೆ ಗೊತ್ತಾಗಲಿಕ್ಕಿಲ್ಲ ಎಂದುಕೊಂಡು ಗೋಂದಿನ ಬಾಟಲಿ, ಸಣ್ಣ ಬ್ರಶ್ಶು ತಂದೆ. ಬ್ರಶ್ಶನ್ನು ಅದ್ದಿಯೂ ಆಗಿತ್ತು. ಅಂಚಿಗೆ ಹಚ್ಚಲು ಬಾಗಿದಾಗ ಒಳಗಿನ ಗೆರೆ ಹಾಳೆಯೂ ಅದರ ಮೇಲೆ ನೀಲಿ ಅಕ್ಷರವೂ ಕಂಡವು.

ಶಾಲೆ ಮಕ್ಕಳ ನೋಟುಬುಕ್ಕಿನ ಹಾಳೆ, ನಾಲ್ಕು ಮಡಿಕೆ. ಮೊದಲ ಸಾಲು ಹೀಗಿತ್ತು: “ತಮಾ, ಸಾಬೂನಿನಲ್ಲಿ ಕೈ ತೊಳೆದು ಬರೆದಿದ್ದೇನೆ, ವಾಸನೆ ಬರಲಿಕ್ಕಿಲ್ಲ.”

ಮುಂದಿನದನ್ನು ನಾನು ಎಷ್ಟು ಹೊತ್ತಿಗೆ ಓದಿದೆನೋ ತಿಳಿಯದು. ಎಡಗಣ್ಣಿನ ಒಳಗೆ ರಕ್ತ ಒಸರುತ್ತಿದೆ, ಸಕ್ಕರೆಯಿಂದ ಹಾಗಾಗುತ್ತದಂತೆ ಎಂದು ಬರೆದಿದ್ದಳು. ಹದಿನೈದು ದಿನದ ಒಳಗೆ ಮಂಗಳೂರಿಗೆ ಹೋಗಿ ಆಪರೇಶನ್ ಮಾಡಿಸಿದರೆ ಉಳಿದೀತು, ತಡವಾದರೆ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಜೊತೆಗೆ ಒಬ್ಬರು ನಾಲ್ಕು ದಿನ ಇರಬೇಕು. ಅಪ್ಪ ಮಗ ಇಬ್ಬರೂ ಬೋಟಿನಲ್ಲಿದ್ದಾರೆ, ಸೀಜನ್ ಬಿಟ್ಟು ಬರುವ ಹಾಗಿಲ್ಲ. ಕೇಳಿದರೆ ಬಂದಾರು, ಆದರೆ ಮನೆಯ ಖರ್ಚು ಅದರಲ್ಲೇ ನಡೆಯಬೇಕು. ಸೊಸೆ ಹೆತ್ತು ಎಂಟು ದಿನವಾಯಿತು. ನೀನು ಭಾವುಬೀಜಕ್ಕೆ ಬಂದರೆ ಮರುದಿನ ಇಲ್ಲಿಂದಲೇ ಹೋಗುವ. ಫೋನು ಯಾಕೆ ಮಾಡಲಿಲ್ಲ ಎನ್ನುವುದನ್ನೂ ಬರೆದಿದ್ದಳು. ಫೋನಿನಲ್ಲಿ ಕೇಳಿದರೆ ನೀನು ಇಲ್ಲ ಅಂದದ್ದು ಕಿವಿಗೆ ಬೀಳುತ್ತದೆ, ಅದು ಬೇಡ. ಬರುವುದಿದ್ದರೆ ಬಾ, ಬಾರದಿದ್ದರೆ ಅದೇ ಉತ್ತರ ಎಂದು ತಿಳಿಯುತ್ತೇನೆ.

ಕೈಯಲ್ಲಿ ಬ್ರಶ್ಶು ಇನ್ನೂ ಇತ್ತು. ಗೋಂದು ತೊಟ್ಟಿಕ್ಕಿ ಪಂಚೆಯ ಮೇಲೆ ಬಿದ್ದಿತ್ತು. ನಾನು ಎದ್ದು ಹೋಗಿ ಬಚ್ಚಲಿನಲ್ಲಿ ವಾಂತಿ ಮಾಡಿದೆ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದೆ. ಅಂಕೋಲಾದಲ್ಲಿ ಇಳಿದು ರಿಕ್ಷಾ ಮಾಡಿ ಭಾವಿಕೇರಿಗೆ ಹೋದೆ. ಮಳೆಗಾಲವಾದ್ದರಿಂದ ಬೋಟುಗಳು ದಡ ಹತ್ತಿದ್ದವು; ಭಾವ ಜಗುಲಿಯ ಒಂದು ಬದಿಯಲ್ಲಿ ಬಲೆ ಸರಿಮಾಡುತ್ತ ಕೂತಿದ್ದ. ನನ್ನನ್ನು ಕಂಡು ತಲೆಯೆತ್ತಿ, ಮತ್ತೆ ಬಲೆಗೆ ಬಾಗಿದ. ಅಕ್ಕ ಗೋಡೆಗೊರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಎರಡು ವರ್ಷದಲ್ಲಿ ಬಹಳ ಸೊರಗಿದ್ದಳು. ನನ್ನ ದನಿ ಕೇಳಿದ ಮೇಲೆ ಕತ್ತನ್ನು ಪೂರಾ ತಿರುಗಿಸಿ ಬಲಗಣ್ಣಿನಿಂದ ನೋಡಿದಳು. ಆ ಕಣ್ಣಿಗೂ ಈಗ ಹತ್ತಿರದ ಅಕ್ಷರ ಕಾಣುವುದಿಲ್ಲ ಎಂದು ಸೊಸೆ ಆಮೇಲೆ ಹೇಳಿದಳು.

ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅವನ್ನೆಲ್ಲ ಬಿಟ್ಟೆ. ಲಕೋಟೆ ತೆಗೆದು ಅವಳ ಮುಂದಿಟ್ಟು, ನಿನ್ನೆ ಮಧ್ಯಾಹ್ನದವರೆಗೆ ನಾನು ಇದನ್ನು ಒಡೆದಿರಲಿಲ್ಲ ಎಂದೆ. ಅವಳು ನಂಬಲಿಲ್ಲ. ಸುಳ್ಳು ಹೇಳಲು ಇಷ್ಟು ದೂರ ಬರಬೇಕಾಗಿರಲಿಲ್ಲ ಎಂದಳು. ನಾನು ಎಲ್ಲ ಹೇಳಿದೆ. ಮೆತ್ತಗಿದ್ದದ್ದು ಗೊತ್ತಾದದ್ದು, ಹೆಂಡತಿ ಹೇಳಿದ್ದು, ಪುಸ್ತಕದ ಕೆಳಗೆ ಒತ್ತಿಟ್ಟದ್ದು, ಎರಡು ಚೀಲ ಹಾಕಿದ್ದು. ಎರಡು ಚೀಲ ಯಾಕೆ ಎಂದು ಕೇಳಿದಳು. ವಾಸನೆಗೆ ಎಂದೆ. ಅಲ್ಲಿಗೆ ಅವಳಿಗೆ ನಂಬಿಕೆ ಬಂತು. ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದಳು.

ಸೊಸೆಯನ್ನು ಕರೆದು ಏನೋ ತರಲು ಹೇಳಿದಳು. ಸೊಸೆ ಮಗುವನ್ನು ಸೊಂಟಕ್ಕೇರಿಸಿಕೊಂಡೇ ಒಳಗೆ ಹೋಗಿ ಅಂಗಡಿಯ ಕೈಚೀಲವೊಂದನ್ನು ತಂದು ನನ್ನೆದುರಿಗೆ ಸುರಿದಳು. ಈ ಎರಡು ವರ್ಷದಲ್ಲಿ ನಾನು ಕಳಿಸಿದ ಲಕೋಟೆಗಳು. ಎಲ್ಲವೂ ಒಡೆದವು. ಹೆಬ್ಬೆರಳು ತೂರಿಸಿ ಗಡಿಬಿಡಿಯಲ್ಲಿ ಹರಿದವು. ಒಂದರ ಚೀಟಿ ನಟ್ಟನಡುವೆ ಸೀಳಿತ್ತು. ಅದು ಎರಡು ತಿಂಗಳು ಕಾದು ತರಿಸಿದ ಹೋಳಿಯ ಚೀಟಿ. ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೆ, ನನ್ನ ಎದೆಯಲ್ಲಿ ಮೊದಲು ಚುಚ್ಚಿದ್ದೂ ಅದೇ. ಇಷ್ಟಾದ ಮೇಲೂ ಹಾಗಾಯಿತು. ಆ ಒಂದು ಗಳಿಗೆಗೆ ನನ್ನನ್ನು ಎಷ್ಟು ಉಗಿದರೂ ಸಾಲದು.

ಸೊಸೆಯೇ ಹೇಳಿದಳು. ಪ್ರತಿ ಹಬ್ಬಕ್ಕೆ ಲಕೋಟೆ ಬಂದ ಕೂಡಲೇ ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಹರಿಯುತ್ತಿದ್ದರು. ಒಳಗಿನ ರಟ್ಟನ್ನು ತೆಗೆದು ಎರಡೂ ಬದಿ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ತನ್ನ ಕಣ್ಣಿಗೆ ಕಾಣುತ್ತಿಲ್ಲವೇನೋ ಎಂದು ಸೊಸೆಗೂ ತೋರಿಸುತ್ತಿದ್ದರು. ಏನೂ ಬರೆದಿಲ್ಲ ಎಂದರೆ, ಪೆನ್ಸಿಲ್ಲಿನಲ್ಲಿ ಬರೆದಿರಬಹುದು, ಸರಿಯಾಗಿ ನೋಡು ಎನ್ನುತ್ತಿದ್ದರು. ಯಾವ ಪತ್ರಕ್ಕೆ ಉತ್ತರ ಕಾಯುತ್ತಿದ್ದಾರೆ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಆ ಮೊದಲ ವರ್ಷವೇ, ಕಾರ್ತಿಕ ಕಳೆದ ಮೇಲೆ, ಭಾವ ಬೋಟು ಇನ್ನೊಬ್ಬರಿಗೆ ಒಪ್ಪಿಸಿ ಮಂಗಳೂರಿಗೆ ಕರೆದುಕೊಂಡು ಹೋದಾಗ ಡಾಕ್ಟರು ಇಷ್ಟು ದಿನ ಎಲ್ಲಿದ್ದಿರಿ ಎಂದು ಬೈದರಂತೆ. ಭಾವ ಬಲೆಯಿಂದ ಕಣ್ಣು ತೆಗೆಯದೆ ಇದನ್ನೆಲ್ಲ ಕೇಳುತ್ತಿದ್ದ.

ನಾನು ಅಕ್ಕನ ಕಾಲು ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ, ತಲೆ ಸವರಲೂ ಇಲ್ಲ. ಸಿಟ್ಟಾಗಿದ್ದರೆ, ಅತ್ತಿದ್ದರೆ, ಎದ್ದು ಹೋಗು ಎಂದಿದ್ದರೆ ನನಗೆ ಹಗುರವಾಗುತ್ತಿತ್ತು.

“ನೀ ಬರೂದಿಲ್ಲ ಅಂದೆ ಅಂತ ತಿಳ್ಕಂಡಿದ್ದೆ, ತಮಾ,” ಎಂದಳು. “ಸಿಟ್ಟಲ್ಲಿದ್ದ, ಬರ್ಲಿಲ್ಲ, ಹೋಗ್ಲಿ ಅಂತ ಮಾಫ್ ಮಾಡಿ ಆಗಿತ್ತು. ಇಲ್ಲ ಅನ್ನೂದೂ ಒಂದು ಮಾತೇ ಅಲ್ವಾ. ನೀ ಅದನ್ನೂ ಅನ್ಲಿಲ್ಲ.”

ಸೊಸೆ ಚಹ ತಂದಿಟ್ಟಳು, ಅದು ಆರಿತು. ಆಮೇಲೆ ಅಕ್ಕ ಲಕೋಟೆಯನ್ನು ಕೈಯಿಂದ ತಡವಿ ಹುಡುಕಿ ನನ್ನ ಕಡೆಗೆ ಸರಿಸಿದಳು. ಅದನ್ನು ತೆಗೆದು ಓದು ಎಂದಳು. ತನಗೆ ಕಾಣುವುದಿಲ್ಲ, ಆಗ ಏನೇನು ಬರೆದಿದ್ದೆನೋ ನೆನಪಿಲ್ಲ, ಎಲ್ಲರಿಗೂ ಕೇಳುವ ಹಾಗೆ ಓದು ಎಂದಳು. ನಾನು ಓದಿದೆ. ಕೈ ತೊಳೆದು ಬರೆದೆ ಎನ್ನುವ ಸಾಲು ಮುಗಿಸಿ ಹಾಳೆ ಕೆಳಗಿಟ್ಟೆ. ಅವಳು ಮುಂದೆ ಓದು ಎಂದಳು. ಹದಿನೈದು ದಿನ ಎಂಬಲ್ಲಿ ಭಾವನ ಕೈ ಬಲೆಯ ಮೇಲೆ ನಿಂತಿತು. ಕೇಳಿದರೆ ಬಂದಾರು ಎಂಬಲ್ಲಿ ಅವನು ಎದ್ದು ಮಳೆಯಲ್ಲೇ ಅಂಗಳಕ್ಕೆ ಇಳಿದುಹೋದ. ನಾನು ಕಡೆಯ ಸಾಲಿನವರೆಗೆ ಓದಿ ಹಾಳೆಯನ್ನು ಮೊದಲಿದ್ದ ಹಾಗೆ ನಾಲ್ಕು ಮಡಿಕೆ ಮಾಡಿ, ಅಭ್ಯಾಸಬಲದಿಂದ ಲಕೋಟೆಯೊಳಗೆ ಸೇರಿಸಲು ಹೋದೆ.

ಅಕ್ಕ ಕೈ ಚಾಚಿದಳು.

“ಕಾಗದ ಇಲ್ಲಿ ಕೊಡು. ಲಕೋಟೆ ನೀ ಇಟ್ಕಾ.”